ಹರಿಹರಕ್ಕೆ ಬಾರದ ನಾಟಕ

ದಾವಣಗೆರೆ
೧೭ ಫೆಬ್ರವರಿ ೨೦೨೫

ಪ್ರೀತಿಯ ಖತೀಜಾಬೀ,

ನನ್ನ ಸಲಾಮು, ನನ್ನ ಶರಣು, ಎರಡೂ ನಿನಗೆ. ನಾಟಕ ಮುಗಿದ ಮರುದಿನವೇ ಬರೆಯುತ್ತೇನೆ ಎಂದು ಮಾತು ಕೊಟ್ಟವಳು ವಾರ ಕಳೆದ ಮೇಲೆ ಪೆನ್ನು ಹಿಡಿದಿದ್ದೇನೆ. ಕಾರಣ ಹುಡುಕಿದರೆ ಸಿಕ್ಕಾವು, ಆದರೆ ಒಂದೂ ನಿಜ ಇರುವುದಿಲ್ಲ. ನಿನ್ನ ಕಿವಿ ಹೋದ ಮೇಲೆ ಫೋನು ನಮಗೆ ಕೆಲಸಕ್ಕೆ ಬಾರದ ವಸ್ತು. ವಿಡಿಯೋದಲ್ಲಿ ಮುಖ ನೋಡಿಕೊಂಡು ಸುಮ್ಮನೆ ಕೈ ಆಡಿಸುವುದು ನನ್ನಿಂದಾಗದು. ಮಿಲ್ಲಿನ ಹೆಂಗಸರ ಸಂಘದ ರಾತ್ರಿ ಶಾಲೆಯಲ್ಲಿ ಇಬ್ಬರೂ ಒಂದೇ ಸ್ಲೇಟಿನ ಮೇಲೆ ಕಲಿತ ಅಕ್ಷರವಾದರೂ ಇದೆಯಲ್ಲ.

"ಜನ ಎಲ್ಲಿ ನಕ್ರು, ಎಲ್ಲಿ ಅತ್ರು, ಅದನ್ನ ಬರಿ. ಹರಿಹರಕ್ಕೆ ಆಟ ಬಂದಾಗ ಮುಂದಿನ ಸಾಲಿನಾಗೆ ಕುಂತು ನಾನೇ ನೋಡ್ತೀನಿ" ಎಂದು ನೀನು ಅಂದಿದ್ದೆ. ಆ ಹರಿಹರದ ಆಟಕ್ಕಾಗಿಯೇ ನೀನು ದಿನ ಎಣಿಸುತ್ತಿರುವುದು ನನಗೆ ಗೊತ್ತು. ನಿನ್ನ ಮೊಣಕಾಲು ದಾವಣಗೆರೆಯ ಬಸ್ಸು ಹತ್ತಲಾರದು, ಅದೂ ಗೊತ್ತು. ಮೊದಲು ಇಲ್ಲಿನ ಸುದ್ದಿ ಕೇಳು.

ಎಸ್.ಎಸ್. ಬಡಾವಣೆಯಲ್ಲಿ ಹನುಮೇಶ್ ನಡೆಸುವ ರಂಗಮನೆ ಅಂದರೆ ಒಂದು ಮನೆಯ ಮೇಲಿನ ಮಹಡಿ, ಪ್ಲಾಸ್ಟಿಕ್ ಕುರ್ಚಿ, ನಾಲ್ಕು ಲೈಟು. ನಮ್ಮ ಹಳೆಯ ನಾಟಕ 'ಬೀದಿ ನಲ್ಲಿ'ಯನ್ನು ಮತ್ತೆ ಆಡಿಸುತ್ತೇನೆ ಎಂದು ಅವನು ಬಂದಾಗ ಒಂದೇ ಷರತ್ತು ಹಾಕಿದೆ: ಕರಪತ್ರದಲ್ಲಿ ಸೌಹಾರ್ದ ಅನ್ನುವ ಪದ ಇರಕೂಡದು. ಸೌಹಾರ್ದ ಅಂದರೆ ಈಗ ಶಾಲು ಹೊದ್ದು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು. ನಾವು ಕಟ್ಟಿದ್ದು ನೀರಿನ ಜಗಳ. ಹೆಸರನ್ನೂ ಬದಲಿಸದೆ, ನಾನು ಓಬಕ್ಕ, ನೀನು ಖತೀಜಾ ಅಂತಲೇ ಮಿಲ್ಲಿನ ಗೇಟಿನ ಮುಂದೆ ಕೊಡ ಹಿಡಿದು ಕಿತ್ತಾಡಿದೆವಲ್ಲ, ಹಾಗೆಯೇ ಇರಲಿ ಅಂದೆ.

ನನ್ನ ಪಾತ್ರ ನಾನೇ ಮಾಡಿದೆ. ನಿನ್ನದನ್ನು ಸ್ವಾತಿ ಎಂಬ ಕಾಲೇಜು ಹುಡುಗಿ ಮಾಡಿದಳು. ಮಾತು ಸ್ಪಷ್ಟ, ಕಣ್ಣು ಚುರುಕು. ಆದರೆ ಅವಳು ಹುಟ್ಟಿದ್ದು ಮನೆಯೊಳಗೆ ನಲ್ಲಿ ಬಂದ ಮೇಲೆ. ಖಾಲಿ ಕೊಡವನ್ನು ತುಂಬಿದ ಕೊಡದಂತೆ ಸೊಂಟಕ್ಕೇರಿಸುವುದು ಬರಲೇ ಇಲ್ಲ. ಕೊನೆಗೆ ನಿಜವಾಗಿ ನೀರು ತುಂಬಿಸಿ ಮಹಡಿ ಹತ್ತಿಸಿದೆ. "ಆಂಟಿ, ಇದು ರಿಹರ್ಸಲ್ಲಾ ಪನಿಶ್‌ಮೆಂಟಾ?" ಅಂದಳು. "ಎರಡೂ ಒಂದೇ ಕಣವ್ವಾ, ಹತ್ತು" ಅಂದೆ.

ಕುರ್ಚಿಗಳೆಲ್ಲ ತುಂಬಿದ್ದವು. ಜಗಳ ಶುರುವಾದರೆ ಆ ಕಾಲದಲ್ಲಿ ಹೆಂಗಸರು ಎರಡು ಪಾಳೆಯವಾಗಿ ಕೂಗುತ್ತಿದ್ದರು, ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಈ ಸಲ ಅರ್ಧ ಜನ ಮೊಬೈಲು ಎತ್ತಿ ಹಿಡಿದಿದ್ದರು. ಮಿಲ್ಲಿನಲ್ಲಿ ನಮ್ಮ ಜೊತೆ ನೂಲು ಸುತ್ತುತ್ತಿದ್ದ ಕೊಟ್ರವ್ವ ಮಾತ್ರ ಎದ್ದು ನಿಂತು, "ಬಿಡಬ್ಯಾಡವ್ವಾ ಖತೀಜಾ, ಆಕಿ ಕೊಡ ಹಿಂದಕ್ಕಿಡು!" ಎಂದು ಕೂಗಿದಳು. ಸುತ್ತಲಿನವರು ಶ್‌ಶ್ ಅಂದರು. ಎಂಥ ಜನ ನೋಡು, ನಾಟಕದ ಜೊತೆ ಮಾತಾಡಿದವಳ ಬಾಯಿ ಮುಚ್ಚಿಸಿದರು.

ಇನ್ನು ಗಲಭೆಯ ವರ್ಷದ ಕರ್ಫ್ಯೂ ದೃಶ್ಯ. ಜ್ವರದಲ್ಲಿ ಸುಡುತ್ತಿದ್ದ ನಿನ್ನ ಕೂಸಿನ ಹಣೆಗೆ ನಾನು ವಿಭೂತಿ ಬಳಿದು, ನನ್ನ ಮಗ ಎಂದು ಸುಳ್ಳು ಹೇಳಿ, ಪೊಲೀಸರನ್ನು ದಾಟಿ ಆಸ್ಪತ್ರೆಗೆ ಒಯ್ದದ್ದು. ಆಟದಲ್ಲಿ ಇರುವುದು ಇಬ್ಬರೇ, ಹಾಗಾಗಿ ಕೂಸಿನ ತಾಯಿಯೇ ಲಾಠಿ ಹಿಡಿದು ಪೊಲೀಸನಾಗಬೇಕು. ನೀನು ಹಾಗೆ ತಿರುಗಿ ನಿಂತು "ಕೂಸಿನ ಹೆಸರೇನು?" ಎಂದು ಗದರಿದರೆ ಮಿಲ್ಲಿನ ಹೆಂಗಸರು ಉಸಿರು ಬಿಗಿ ಹಿಡಿಯುತ್ತಿದ್ದರು. ಸ್ವಾತಿ ತಿರುಗಿ ನಿಂತಾಗ ಸಭೆ ನಕ್ಕಿತು, ಖತೀಜಾ. ಸಣ್ಣ ನಗೆಯಲ್ಲ. ತಾಯಿ ಪೊಲೀಸಾದದ್ದು ಅವರಿಗೆ ತಮಾಷೆಯಾಗಿ ಕಂಡಿತು. ನಾನು ಬಟ್ಟೆಯ ಕೂಸನ್ನು ಎದೆಗವಚಿಕೊಂಡು ನಗೆ ನಿಲ್ಲಲಿ ಎಂದು ಕಾದೆ. ನಾನು ಮಾತು ಮರೆತಿದ್ದೇನೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿ ಧೈರ್ಯ ಹೇಳಿದರು.

ಆಟ ಮುಗಿದ ಮೇಲೆ ನಮ್ಮ ಹಳೆಯ ಪದ್ಧತಿಯಂತೆ ರಂಗದ ಅಂಚಿನಲ್ಲಿ ಕೂತೆವು, ಸಭೆ ಮಾತಾಡಲಿ ಎಂದು. ನಿಜಲಿಂಗಪ್ಪ ಬಡಾವಣೆಯ ಒಬ್ಬಾಕೆ "ತುಂಬಾ ಸ್ವೀಟಾಗಿತ್ತು" ಅಂದರು. ಸ್ವೀಟಂತೆ! ಆಮೇಲೆ ಇಸ್ತ್ರಿ ಅಂಗಿಯ ಯುವಕನೊಬ್ಬ ಕೈಮುಗಿದು ಎದ್ದ.

"ಮೇಡಂ, ಆಕ್ಟಿಂಗ್ ಸೂಪರ್. ಆದ್ರೆ ಆ ಖತೀಜಾ ಅನ್ನೋ ಹೆಸರು ಬದಲಿಸಿದ್ರೆ ಎಲ್ಲರಿಗೂ ಮುಟ್ಟುತ್ತಲ್ವಾ?"

"ಎಲ್ಲರಿಗೂ ಅಂದ್ರೆ ಯಾರಿಗಪ್ಪಾ?" ಅಂದೆ.

ನಾನು ಮುಂದೆ ಬಾಯಿ ತೆರೆಯುವ ಮೊದಲೇ ಕೊಟ್ರವ್ವ, "ಬದ್ಲು ಮಾಡಂಗಿದ್ರೆ ಮೊದ್ಲು ನಿಂದು ಮಾಡ್ಕಳಪ್ಪಾ, ಹೆಂಗಾಗತೈತೆ ನೋಡು!" ಅಂದಳು. ಸಭೆ ಹೋ ಎಂದಿತು. ಅವನೂ ನಕ್ಕ. ಆದರೆ ಅವನು ಕೂರುವಾಗ ಆ ಕಡೆ ತಿರುಗಿ ಹೌದೆಂದು ತಲೆಯಾಡಿಸಿದವರು ಎಷ್ಟು ಜನ ಎಂದು ರಂಗದ ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಅಂದು ಆಟಕ್ಕೆ ಕಲ್ಲು ಬೀಸಿದವರನ್ನು ಎದುರಿಸುವುದು ನಮಗೆ ಗೊತ್ತಿತ್ತು. ಕೈಮುಗಿದು, ಹೊಗಳಿ, ನಿನ್ನನ್ನು ಅಳಿಸಿಬಿಡಿ ಎನ್ನುವವರನ್ನು ಎದುರಿಸುವ ಪಾಠ ಸಂಘದ ಯಾವ ಶಿಬಿರದಲ್ಲೂ ಹೇಳಿಕೊಡಲಿಲ್ಲ.

ನಿನ್ನ ಅಕೀಬನೂ ಬಂದಿದ್ದ. ಅಂಗಡಿ ಬೇಗ ಮುಚ್ಚಿ ಹರಿಹರದಿಂದ ಬೈಕಿನಲ್ಲಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಆ ಕೂಸು ಇವನೇ, ಬೆಳೆದು ನಿಮ್ಮ ನಡುವೆಯೇ ಕೂತಿದ್ದಾನೆ ಎಂದು ಸಭೆಗೆ ಹೇಳಿಬಿಡೋಣ ಅನಿಸಿತು. ಅವನ ಕಡೆ ನೋಡಿದೆ. ಬೇಡ ಎಂದು ತಲೆ ಅಲ್ಲಾಡಿಸಿದ. ಸಭೆಗೆ ಕೈಮುಗಿದು ಎದ್ದೆ.

ಹರಿಹರದ ಆಟ ಆಗುವುದಿಲ್ಲ, ಖತೀಜಾ. ಹಾಲ್ ಸಿಗಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೇಸಿಗೆ ಮುಗಿದ ಮೇಲೆ ನಾನೇ ಬಂದು ನಿನ್ನ ಪಡಸಾಲೆಯಲ್ಲಿ ಎರಡೂ ಪಾತ್ರ ಮಾಡಿ ತೋರಿಸುತ್ತೇನೆ.

ಮೊಣಕಾಲು ನೋಡಿಕೋ. ಮೊಮ್ಮಗಳು ಫಿಜಾಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಯಾರೆದುರಿಗೂ ದನಿ ತಗ್ಗಿಸದೆ ಬೆಳೆಯಲಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಓಬಕ್ಕ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಹಾಲ್ ಸಿಕ್ಕಿತ್ತು. ಹನುಮೇಶ್ ಮಾತಾಡಿ ಮುಗಿಸಿದ್ದ. ಅವತ್ತು ಎಲ್ಲರೂ ಹೋದ ಮೇಲೆ ಅಕೀಬ ಮೆಟ್ಟಿಲ ಹತ್ತಿರ ನಿಂತಿದ್ದ.

"ದೊಡ್ಡಮ್ಮ, ಇದನ್ನ ಹರಿಹರಕ್ಕೆ ತರಬ್ಯಾಡ" ಅಂದ.

"ಯಾಕಲೇ? ಯಾರಾದ್ರೂ ಹೆದರ್ಸಿದ್ರಾ?"

"ಯಾರೂ ಏನೂ ಅಂದಿಲ್ಲ. ಅದು ಹಂಗೇ ಉಳೀಬೇಕು. ನಾನು ಯಾರು ಅಂತ ನನ್ನ ಗಿರಾಕಿಗಳಿಗೆ ಗೊತ್ತೈತೆ. ಗೊತ್ತಿದ್ದೂ ಬರ್ತಾರೆ. ಸ್ಟೇಜ್ ಹತ್ತಿ ಅವರಿಗೆ ನೆನಪು ಮಾಡಿಕೊಡಬ್ಯಾಡ."

"ನಿಮ್ಮಮ್ಮ ಕಾಯ್ತಾ ಕುಂತಾಳಲ್ಲೋ."

"ಅಮ್ಮಿಗೆ ಹಾಲ್ ಸಿಗಲಿಲ್ಲ ಅನ್ನು."

ಲಾಠಿ ಹಿಡಿದವರ ಮುಂದೆ ಬಾಯಿ ಮಾಡಿದವಳು ನಾನು. ಆದರೆ ಅವನು ಹೆದರುವುದು ತಪ್ಪು ಎನ್ನಲು ಈ ಊರಲ್ಲಿ ನನ್ನ ಹತ್ತಿರ ಯಾವ ಆಧಾರವಿದೆ? ಹೂಂ ಅಂದೆ. ಮರುದಿನ ಹನುಮೇಶ್‌ಗೆ ಹೇಳಿ ಆಟ ನಿಲ್ಲಿಸಿದವಳು ನಾನೇ. ಅಕೀಬನನ್ನು ಬೈಯಬೇಡ. ನನ್ನನ್ನೂ ಬೈಯಬೇಡ ಎಂದು ಕೇಳುವ ಧೈರ್ಯ ನನಗಿಲ್ಲ.