ಮೈಕಿಗೆ ಇಟ್ಕೊ

ಸೋಮವಾರ, 3. ಬೆಳಿಗ್ಗೆ 10.40

ತೇಗು ಬರಲಿಲ್ಲ. ಇಪ್ಪತ್ತು ನಿಮಿಷ ಬೆನ್ನು ತಟ್ಟಿದ್ದಕ್ಕೆ ಬಂದದ್ದು ವಾಂತಿ, ಅದೂ ಇದ್ದ ಒಂದೇ ಇಸ್ತ್ರಿ ಶರ್ಟಿನ ಮೇಲೆ. ಮಗನಿಗೆ ನಾಲ್ಕು ತಿಂಗಳು. ಟೈಮಿಂಗ್ ನನಗಿಂತ ಚೆನ್ನಾಗಿದೆ.

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನ್. ನನ್ನ ಜೊತೆಗಾರ ಮೀಸೆ ಹೊಸ ವಿಡಿಯೊ ಹಾಕಿದ್ದಾನೆ. ಮಗಳನ್ನು ಎದೆಗೆ ಒರಗಿಸಿಕೊಂಡು ಹಾಡುತ್ತಿದ್ದಾನೆ. ಕಣ್ಣಲ್ಲಿ ನೀರು, ಕಿಟಕಿಯಿಂದ ಬಿಸಿಲು. ಥೂ! ಹನ್ನೊಂದು ವರ್ಷದಿಂದ ಇವನ ಜೊತೆ ಜನರನ್ನು ನಗಿಸುತ್ತಿದ್ದೇನೆ — ಸ್ಟೇಜಿನಲ್ಲಿ ಅಳುವ ದೃಶ್ಯ ಬಂದರೆ ಕಣ್ಣಿಗೆ ಬಾಮ್ ಹಚ್ಚಿಕೊಳ್ಳುವ ಆಸಾಮಿ. ಇದೂ ಬಾಮೇ. ಕೆಳಗೆ ಸಾಲುಸಾಲು ಕಾಮೆಂಟು, ‘ಎಂಥಾ ಅಪ್ಪ!’ ಎಂಥಾ ಅಪ್ಪನೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಕಾರ್ಯಕ್ರಮಕ್ಕೆ ಜಾಹೀರಾತು ಕೊಡುವ ಡೈಪರಿನವರು ನೋಡಲಿ ಅಂತ.

“ಚೆನ್ನಾಗಿದ್ಯಲ್ರೀ,” ಅಂದಳು ಇವಳು. “ನೀವೂ ನಿಮ್ಮ ಮಗನಿಗೆ ಒಂದು ಹಾಡ್ ಹೇಳಿ.”

ಹೇಳಿದೆ. ಕಿಟಾರನೆ ಕಿರುಚಿದ. ಒಳ್ಳೆ ವಿಮರ್ಶಕ ಹುಟ್ಟಿದ್ದಾನೆ.

ಬುಧವಾರ, 5

ನಮ್ಮ ವಾರದ ಕಾರ್ಯಕ್ರಮದ ರೆಕಾರ್ಡಿಂಗ್. ಹಾಸಿಗೆ ಅಂಗಡಿಯ ಹಿಂದಿನ ಕೋಣೆಗೆ ನಾವು ಸ್ಟುಡಿಯೊ ಅನ್ನುತ್ತೇವೆ. ಸದ್ದು ಹೀರಲಿ ಅಂತ ಗೋಡೆ ತುಂಬ ಮಾರಾಟವಾಗದ ಹಾಸಿಗೆ. ಮೇಜಿನ ಮೇಲೆ ನಮ್ಮಿಬ್ಬರ ಮುಖ ಅಚ್ಚು ಹಾಕಿದ ಎರಡು ಕಾಫಿ ಕಪ್ಪು. ನನ್ನ ಮೂಗು ತೊಳೆದು ತೊಳೆದು ಹೋಗಿದೆ.

ಎಂದಿನಂತೆ ಒಳಗೆ ಹೋಗಿ ಕೂತೆವು. ಹೇಗಿದ್ದೀಯ ಅನ್ನಲಿಲ್ಲ. ನಿಯಮ. ಮೊದಲ ವರ್ಷವೇ ನಾನೇ ಮಾಡಿದ್ದು — ಏನೇ ಸುದ್ದಿ ಇರಲಿ, ಮೊದಲು ಮೈಕಿನ ಮುಂದೆ ಹೇಳಬೇಕು. ಅಲ್ಲಿಯವರೆಗೆ ಒಬ್ಬರಿಗೊಬ್ಬರು ಬಾಯಿ ಬಿಡಬಾರದು. ಮೊದಲ ಸಲ ಕೇಳಿದಾಗ ಬರುವ ನಗು ಎರಡನೆಯ ಸಲ ಬರುವುದಿಲ್ಲ. ಅವನ ಹೆಂಡತಿ ಬಸುರಿ ಅಂತ ನನಗೆ ಗೊತ್ತಾದದ್ದೂ ಮೈಕಿನ ಮುಂದೆಯೇ, ಜಾಹೀರಾತಿಗೆ ಎರಡು ನಿಮಿಷ ಇರುವಾಗ.

ಅರ್ಧ ಗಂಟೆ ಸಿನಿಮಾ ಬೈದೆವು. ಆ ಹಾರಾಡುವ ಹೀರೊವಿನ ಒಂಬತ್ತನೇ ಭಾಗ. ಈ ಸಲ ಲೋಕ ಉಳಿಸುತ್ತಾನಂತೆ, ಯಾಕೆಂದರೆ ಈಗ ಅವನೂ ಅಪ್ಪ. ಹಿಂದಿನ ಎಂಟು ಸಲ ಏನು ಹೊತ್ತು ಹೋಗದೆ ಉಳಿಸಿದನೇ? ಆಮೇಲೆ ಆ ಸ್ಟಾರ್ ಜೋಡಿ. ಮಗುವಿನ ಮುಖ ತೋರಿಸುವುದಿಲ್ಲವಂತೆ, ಬರೀ ಪಾದದ ಫೋಟೊ. ಎಪ್ಪತ್ತು ಲಕ್ಷ ಲೈಕು. ಒಂದು ಹಿಮ್ಮಡಿಗೆ!

ಆಮೇಲೆ ಮೀಸೆ ಶುರು ಮಾಡಿದ. “ನನ್ನ ಮಗಳು ಚಿನ್ನ ಕಣೋ. ಮೇಲಿನ ಮನೆಯವ್ರು ಡ್ರಿಲ್ ಹಾಕಿ ಗೋಡೆ ಕೊರೀತಾರೆ, ಇವಳು ಜಪ್ಪಯ್ಯ ಅಂದ್ರೂ ಏಳಲ್ಲ.”

ಹೊಟ್ಟೆ ಉರಿಯಿತು. ನನ್ನವನು ಬ್ಯಾಗಿನ ಜಿಪ್ ಎಳೆದರೆ ಎದ್ದು ಬೊಬ್ಬೆ ಹೊಡೆಯುತ್ತಾನೆ. “ನಿನ್ನ ಹಾಡು ಕೇಳಿ ಮೂರ್ಛೆ ಹೋಗಿರ್ತಾಳೆ ಬಿಡು,” ಅಂದೆ. ಅವನೂ ನಕ್ಕ, ಗಾಜಿನಾಚೆ ಕೂತು ರೆಕಾರ್ಡ್ ಮಾಡುವ ಸೌಂಡಮ್ಮನೂ ನಕ್ಕಳು.

ಭಾನುವಾರ, 9. ಮಧ್ಯಾಹ್ನ

ಮೀಸೆಯ ಫೋನು. ಒಂದು, ಎರಡು... ಮೂರನೆಯದಕ್ಕೆ ಎತ್ತಿದೆ. ಭುಜದ ಮೇಲೆ ಮಗ, ಒಲೆಯ ಮೇಲೆ ಹಾಲು.

“ಲೋ, ಸ್ವಲ್ಪ ಮಾತಾಡೋದಿತ್ತು.”

“ಯಾವ ವಿಷಯ?”

“ಮಗಳದ್ದು...”

“ಮೈಕಿಗೆ ಇಟ್ಕೊ,” ಅಂದೆ. ಇಟ್ಟೆ. ಮಗುಚಿಕೊಂಡಳೇನೋ, ನಕ್ಕಳೇನೋ. ಲೋಕದಲ್ಲಿ ಇವನಿಗೊಬ್ಬನಿಗೇ ಮಗು ಹುಟ್ಟಿರುವುದು. ಹಾಲು ಉಕ್ಕಿತು.

ಬುಧವಾರ, 12. ಮಧ್ಯಾಹ್ನ 1.15

ಭರ್ಜರಿ! ಈ ವರ್ಷದ ಅತಿ ದೊಡ್ಡ ನಗು ನನ್ನದೇ.

ಮೀಸೆ ಇಂದು ಬಾವಿಗೆ ಬಿದ್ದವನ ಹಾಗೆ ಮುಖ ಮಾಡಿಕೊಂಡು ಬಂದಿದ್ದ. ಆ ಮುಖ ನನಗೆ ಗೊತ್ತು. ದೊಡ್ಡ ಜೋಕಿಗೆ ಮುಂಚೆ ಹಾಗೇ ಮಾಡುತ್ತಾನೆ. ಹೇಳಿದ: “ಮಗಳಿಗೆ ಕಿವಿ ಕೇಳ್ಸಲ್ವಂತೆ. ಶುಕ್ರವಾರ ಟೆಸ್ಟ್ ಮಾಡಿಸಿದ್ವಿ. ಎರಡೂ.”

“ಪುಣ್ಯವಂತೆ ಕಣೋ! ಜೀವಮಾನಪೂರ್ತಿ ನಿನ್ನ ಜೋಕ್ ತಪ್ಪಿತು!”

ಅರೆ ಸೆಕೆಂಡೂ ಬಿಡಲಿಲ್ಲ ನಾನು. ಮೇಜು ಗುದ್ದಿ ನಕ್ಕೆ. ಅವನು ನನ್ನನ್ನು ನೋಡಿದ. ಆಮೇಲೆ ತಾನೂ ನಕ್ಕ. “ಹೌದಲ್ವಾ,” ಅಂದ. ಡೈಪರ್ ಜಾಹೀರಾತನ್ನು ಒಂದು ತಪ್ಪಿಲ್ಲದೆ ಓದಿದ. ಪ್ರತಿ ವಾರ ತೊದಲುತ್ತಾನೆ, ಈ ವಾರ ಇಲ್ಲ. ಮುಗಿದ ಮೇಲೆ ಬಾತ್‌ರೂಮಿಗೆ ಹೋದವನು ಹತ್ತು ನಿಮಿಷ ಬರಲಿಲ್ಲ.

ಸೌಂಡಮ್ಮ ಹೆಡ್‌ಫೋನ್ ತೆಗೆದಳು. “ಸರ್, ಅವ್ರು...”

“ಏನು?”

“ಏನಿಲ್ಲ ಬಿಡಿ.”

ನಕ್ಕಿರಲೇ ಇಲ್ಲ ಮಹಾತಾಯಿ. ಹನ್ನೊಂದು ವರ್ಷ ನಮ್ಮ ಜೋಕು ಕತ್ತರಿಸಿ ಕತ್ತರಿಸಿ ಹೆಂಗಸಿನ ಹಾಸ್ಯಪ್ರಜ್ಞೆಯೇ ಸತ್ತಿದೆ.

ಅದೇ ದಿನ, ಸಂಜೆ 6

ಇವಳಿಗೆ ಹೇಳಿದೆ, ಅಭಿನಯ ಸಮೇತ. ಮಗನ ಬಟ್ಟೆ ಬದಲಿಸುತ್ತಿದ್ದಳು. ಕೈ ನಿಂತಿತು.

“ಅವ್ರು ಜೋಕ್ ಹೇಳಿದ್ರಾ?”

“ಮತ್ತೇನು?”

“ಡ್ರಿಲ್ ಹಾಕಿದ್ರೂ ಏಳಲ್ಲ ಅಂದಿದ್ರು ಅಂತ ನೀವೇ ಹೇಳಿದ್ರಲ್ರೀ.”

ಇವಳು ಮೀಸೆಯ ಹೆಂಡತಿಗೆ ಫೋನ್ ಮಾಡಿದಳು. ನಾನು ಬಾಗಿಲ ಹೊರಗೆ ನಿಂತೆ. ಹೂಂ... ಹೂಂ... ಅಯ್ಯೋ... ಮತ್ತೆ ಹೂಂ. ಹೊರಗೆ ಬಂದು ಬೈಯಲೂ ಇಲ್ಲ. ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ.

“ಭಾನುವಾರ ನಿಮಗೆ ಮೂರು ಸಲ ಫೋನ್ ಮಾಡಿದ್ರಂತೆ,” ಅಂದಳು.

ಮಂಗಳವಾರ, 18

ಬರೆಯುವಂಥದ್ದೇನೂ ಇರಲಿಲ್ಲ. ಸುಳ್ಳು. ಇತ್ತು.

ಆ ಹಾಡಿನ ವಿಡಿಯೊ ಮತ್ತೆ ನೋಡಿದೆ. ಮಗಳ ಕೆನ್ನೆ ಅವನ ಎದೆಗೆ ಒತ್ತಿದೆ. ಹಾಡಿನ ಮಧ್ಯೆ ಅವಳ ಕಿವಿಯ ಹತ್ತಿರ ಒಂದು ಚಿಟಿಕೆ ಹೊಡೆಯುತ್ತಾನೆ. ಕಾಯುತ್ತಾನೆ. ಮತ್ತೊಂದು ಹೊಡೆಯುತ್ತಾನೆ. ತಾಳ ಹಾಕುತ್ತಿದ್ದಾನೆ ಅಂದುಕೊಂಡಿದ್ದೆ. ಬಾಮ್ ಅಂತ ಬರೆದಿದ್ದೇನೆ ಮೇಲೆ, ನನ್ನದೇ ಅಕ್ಷರ. ಅಸಹ್ಯ.

ಸೌಂಡಮ್ಮ ಫೋನ್ ಮಾಡಿದಳು. “ಸರ್, ನಾಳೆ ಎಪಿಸೋಡ್ ಹೋಗ್ಬೇಕು. ಆ ಭಾಗ ಇಡ್ಲಾ, ತೆಗೀಲಾ? ಡೈಪರಿನವ್ರಿಗೆ ತುಂಬಾ ಇಷ್ಟ ಆಗಿದ್ಯಂತೆ.”

ಆಗದೆ ಇರುತ್ತದೆಯೇ. ಹೊಲಸೇ ಅವರ ವ್ಯಾಪಾರ.

“ಪೂರ್ತಿ ಎಪಿಸೋಡೇ ಅಳಿಸಿಬಿಡಮ್ಮ.”

“ಮೀಸೆ ಸರ್‌ನೂ ಕೇಳ್ದೆ ಸರ್. ‘ಇರ್ಲಿ, ನಗು ಚೆನ್ನಾಗಿ ಬಂದಿದೆ’ ಅಂದ್ರು.”

“ಅಳಿಸು,” ಅಂದೆ.

ನಾಲ್ಕು ದಿನದಿಂದ ಮೀಸೆ ನನ್ನ ಫೋನ್ ಎತ್ತುತ್ತಿಲ್ಲ. ಕ್ಷಮೆ ಕೇಳಲು ಆರು ಮೆಸೇಜು ಬರೆದೆ. ಓದಿ ನೋಡಿದರೆ ಆರರ ಕೊನೆಗೂ ಒಂದೊಂದು ಜೋಕು. ಕೈಗೆ ಅಂಟಿದ ಜಾಡ್ಯ. ಎಲ್ಲ ಒರೆಸಿ ‘ಮಾತಾಡ್ಬೇಕು’ ಅಂತಷ್ಟೇ ಕಳಿಸಿದೆ.

ಒಂಬತ್ತು ನಿಮಿಷಕ್ಕೆ ಉತ್ತರ ಬಂತು.

‘ಮೈಕಿಗೆ ಇಟ್ಕೊ.’

ಶನಿವಾರ, 22. ಮಧ್ಯಾಹ್ನ 3.50

ಬುಧವಾರ ಅವನೂ ಸ್ಟುಡಿಯೊಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ನಿನ್ನೆ ಬರೆದೆ: ‘ನಿಯಮ ಮುಗೀತು. ಮೈಕೂ ಬೇಡ, ಏನೂ ಬೇಡ. ಆ ಭಾನುವಾರ ಫೋನಲ್ಲಿ ಹೇಳೋಕೆ ಬಂದಿದ್ಯಲ್ಲ, ಅದನ್ನ ಹೇಳು.’ ಜೋಕಿಲ್ಲದೆ ನಾನು ಬರೆದ ಮೊದಲ ಮೂರು ಸಾಲು ಇರಬೇಕು. ಬೆಳಿಗ್ಗೆ ಉತ್ತರ: ‘ನಾಲ್ಕಕ್ಕೆ ಬರ್ತೀನಿ. ಮಗಳನ್ನೂ ಕರ್ಕೊಂಡ್ ಬರ್ತೀನಿ.’

ಮನೆ ಗುಡಿಸಿದೆ. ಎರಡು ಸಲ. ಇವಳು ಬುದ್ಧಿ ಹೇಳಿ ಒಳಗೆ ಹೋಗಿದ್ದಾಳೆ. “ಅವ್ರು ಮಾತಾಡಿದ ತಕ್ಷಣ ಬಾಯಿ ಹಾಕ್ಬೇಡಿ. ಮನಸ್ಸಲ್ಲಿ ಹತ್ತು ಎಣಿಸಿ.”

ಹತ್ತು! ಸ್ಟೇಜಿನಲ್ಲಿ ಎರಡು ಸೆಕೆಂಡು ಸುಮ್ಮನಿದ್ದರೆ ನಾವು ಸತ್ತೆವು ಅಂತ ಲೆಕ್ಕ. ಹನ್ನೊಂದು ವರ್ಷದಲ್ಲಿ ಅವನ ಒಂದು ಮಾತನ್ನೂ ನಾನು ಮುಗಿಯಲು ಬಿಟ್ಟಿಲ್ಲ. ಅದಕ್ಕೇ ಜನ ಚಪ್ಪಾಳೆ ತಟ್ಟುತ್ತಿದ್ದುದು. ಈಗಲೂ ತಲೆಯಲ್ಲಿ ಮೂರು ಜೋಕು ರೆಡಿ ಇವೆ. ಮೂರೂ ಚೆನ್ನಾಗಿವೆ. ನನ್ನ ಜನ್ಮಕ್ಕಿಷ್ಟು.

ಬೆಲ್ಲು. ಮಗ ಬೆಚ್ಚಿ ಎದ್ದ, ಶುರುವಾಯಿತು ಬೊಬ್ಬೆ. ಬಾಗಿಲಾಚೆ ಮೀಸೆ ಇದನ್ನು ಕೇಳುತ್ತಾ ನಿಂತಿರುತ್ತಾನೆ, ಭುಜದ ಮೇಲೆ ಅವಳು ನಿದ್ದೆ ಮಾಡುತ್ತಿರುತ್ತಾಳೆ. ಹೋಗಬೇಕು. ಅವನು ಏನೇ ಹೇಳಲಿ, ಹೇಳಿ ಮುಗಿಸುವವರೆಗೆ ನಾನು ಬಾಯಿ —