ನಲ್ಲಿಯ ಪಕ್ಕದ ಗರಿಕೆ

ಆಲ್ದೂರು
ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಅತ್ತೇ,

ನಿಮ್ಮ ಮೊಣಕಾಲು ಹೇಗಿದೆ? ಮಣ್ಣಿನ ಪಟ್ಟಿ ಹಾಕಿಸಿಕೊಂಡ ಮೇಲೆ ನೀವೊಬ್ಬರೇ ಮೆಟ್ಟಿಲು ಹತ್ತಿದಿರಂತೆ! ಲಿಖಿತ್ ಹೇಳಿದಾಗ ನಾನು ಅಡುಗೆಮನೆಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಗಿಡ್ಡಮ್ಮ ಬೆಚ್ಚಿ ಸೌಟು ಬೀಳಿಸಿದರು. ಉಪ್ಪಿಲ್ಲದ ಊಟ ಇನ್ನು ನಾಲ್ಕೇ ದಿನ, ಸಹಿಸಿಕೊಳ್ಳಿ. ಆ ಪ್ರಕೃತಿ ಚಿಕಿತ್ಸೆಯವರು ದಿನಕ್ಕೆ ಹತ್ತು ನಿಮಿಷ ಫೋನು ಕೊಡುತ್ತಾರೆ, ಆ ಹತ್ತು ನಿಮಿಷವನ್ನೂ ನಿಮ್ಮ ಮಗನೇ ನುಂಗಿಹಾಕುತ್ತಾರೆ. ಅದಕ್ಕೇ ಈ ಕಾಗದ. ಪಕ್ಕದ ತೋಟದ ರೇವತಿ ಅಕ್ಕ ಸಂಜೆ ನಿಮ್ಮನ್ನು ನೋಡಲು ಹೊರಡುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ನಾನು ಶಾಲೆಯಲ್ಲಿ ಕನ್ನಡ ಕಲಿತದ್ದು ವಾರಕ್ಕೆ ಮೂರು ಪೀರಿಯಡ್ ಮಾತ್ರ. ತಪ್ಪಿದ್ದರೆ ನೀವೊಬ್ಬರೇ ನಗಿ, ರೇವತಿ ಅಕ್ಕನಿಗೆ ತೋರಿಸಬೇಡಿ.

ಈ ಮನೆಗೆ ಬಂದು ಎರಡು ತಿಂಗಳು ತುಂಬಿತು, ಗೊತ್ತಾ? ನನಗೆ ಇನ್ನೂ ನಿನ್ನೆ ಬಂದಂತಿದೆ. ನನ್ನ ಕಡುಬು ಈಗ ಚೆಂಡಿನ ಹಾಗೆ ಪುಟಿಯುವುದಿಲ್ಲ, ಲಿಖಿತ್ ಮೊನ್ನೆ ನಾಲ್ಕು ತಿಂದರು. ಮೇಲಿನ ತೋಟದಲ್ಲಿ ಅರೇಬಿಕಾ ಅಲ್ಲೊಂದು ಇಲ್ಲೊಂದು ಕೆಂಪಾಗಿದೆ. ನೀವು ಹೊರಡುವಾಗ ಜೀಪಿನಿಂದ ತಲೆ ಹೊರಹಾಕಿ, 'ಅಂಗಳದ ಹುಲ್ಲಿಗೂ ಈಗ ನೀನೇ ಯಜಮಾನ್ತಿ ಕಣೇ' ಎಂದಿರಲ್ಲ, ಆ ಮಾತನ್ನು ಇಡೀ ದಿನ ಹಾಡಿನ ಹಾಗೆ ಹೇಳಿಕೊಂಡು ತಿರುಗಿದ್ದೆ.

ಇನ್ನು ಮುಂದಿನದನ್ನು ದಯವಿಟ್ಟು ಕುಳಿತುಕೊಂಡು ಓದಿ. ಪೀಬೆರಿ ಆರಾಮಾಗಿದ್ದಾನೆ ಎಂದು ಲಿಖಿತ್ ಫೋನಿನಲ್ಲಿ ಹೇಳುತ್ತಿರುವುದು ಸುಳ್ಳು. ನೀವು ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಓಡಿಬರುತ್ತೀರಿ ಎಂದು ಅವರಿಗೆ ಭಯ. ಆದರೆ ಒಂದೇ ನಾಯಿಮರಿ ಹುಟ್ಟಿದ್ದಕ್ಕೆ, ಒಂದೇ ಬೀಜದ ಕಾಫಿ ಹಣ್ಣಿನ ಹೆಸರಿಟ್ಟು, ಹನ್ನೊಂದು ವರ್ಷ ಸಾಕಿದವರು ನೀವು. ಅವನ ವಿಷಯ ನಿಮ್ಮಿಂದ ಮುಚ್ಚಿಡಲು ನಾವ್ಯಾರು?

ಕಳೆದ ಬುಧವಾರ ಬೆಳಿಗ್ಗೆ ಅವನು ಜಗಲಿಯಲ್ಲಿ ಹಳದಿ ನೊರೆ ಕಕ್ಕಿದ. ಹೊಟ್ಟೆ ಕೆಟ್ಟಾಗ ಹುಲ್ಲು ತಿಂದು ಕಕ್ಕುತ್ತಾನೆ, ಸರಿಹೋಗುತ್ತಾನೆ ಎಂದರು ಗಿಡ್ಡಮ್ಮ. ಸರಿಹೋಗಲಿಲ್ಲ. ಶುಕ್ರವಾರ ಡಾಕ್ಟರ್ ಯಶೋದಾ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ನಿನ್ನೆ ಚಿಕ್ಕಮಗಳೂರಿನಿಂದ ರಿಪೋರ್ಟ್ ಬಂತು. ಎರಡು ಕಿಡ್ನಿಯೂ ಕೆಲಸ ನಿಲ್ಲಿಸುತ್ತಿವೆಯಂತೆ. ಅವನು ಕಕ್ಕುವ ಎರಡು ದಿನ ಮೊದಲು ಹುಲ್ಲಿಗೆ ಕಳೆ ಔಷಧಿ ಹೊಡೆದಿದ್ದನ್ನು ಡಾಕ್ಟರಿಗೆ ಹೇಳಿದೆವು. ಅದೇ ಕಾರಣ ಎಂದು ಅವರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. 'ವಯಸ್ಸೂ ಆಗಿದೆ, ಉಣ್ಣೆ ಜ್ವರನೂ ಹಳೇದು, ಯಾವ್ದು ಅಂತ ನಾನು ಬೆರಳು ತೋರ್ಸ್ಲಿ?' ಎಂದರು. ಡ್ರಿಪ್ ಬಾಟಲಿಯನ್ನು ಮಾವನವರ ಕೊಡೆ ನೇತುಹಾಕುವ ಮೊಳೆಗೆ ಕಟ್ಟಿದ್ದೇವೆ. ಕುಡಿದ ನೀರೂ ನಿಲ್ಲುವುದಿಲ್ಲ. ಮೊಸರನ್ನ ಮೂಸಿ ಮುಖ ತಿರುಗಿಸುತ್ತಾನೆ, ಆಮೇಲೆ ನಾನು ಬೇಜಾರು ಮಾಡಿಕೊಂಡೆನೇನೋ ಎಂಬಂತೆ ಬಾಲವನ್ನು ಒಂದೇ ಒಂದು ಸಲ ನೆಲಕ್ಕೆ ಬಡಿಯುತ್ತಾನೆ. ಅತ್ತೇ, ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಔಷಧಿ ಹೇಗೆ ಬಿತ್ತು ಎಂದು ಕೇಳುತ್ತೀರಿ. ಶಿವಯ್ಯ ಮೇಸ್ತ್ರಿ ತೋಟಕ್ಕೆ ಹೊಡೆದು ಉಳಿದದ್ದನ್ನು ಮರೆತು ಅಂಗಳದ ಹುಲ್ಲಿಗೂ ಹೊಡೆದರಂತೆ. ಹಾಗೆಂದು ಲಿಖಿತ್‌ಗೆ ಹೇಳಿದ್ದಾರೆ. ಲಿಖಿತ್ ತುಂಬಾ ಕೂಗಾಡಿದರು. ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು. ಅವರ ಮೇಲೆ ಬಹಳ ಸಿಟ್ಟು ಮಾಡಬೇಡಿ.

ಶನಿವಾರ ನೀವು ಬರುವವರೆಗೆ ಅವನಿರುತ್ತಾನೆ ಎಂದು ಬರೆಯಬೇಕು ಅನ್ನಿಸುತ್ತದೆ. ಬರೆದರೆ ಅದೂ ಲಿಖಿತ್ ಹೇಳುವಂಥದೇ ಸುಳ್ಳಾಗುತ್ತದೆ. ಜೀಪಿನ ಸದ್ದಾದರೆ ಈಗಲೂ ಕಿವಿ ನಿಗುರುತ್ತದೆ, ತಲೆ ಮಾತ್ರ ಏಳುವುದಿಲ್ಲ. ಬರುವ ಸೀಸನ್ನಿನಲ್ಲಿ ಕಣದ ಬಿಸಿಲಿಗೆ ಮಲಗಿ ಕಾಫಿ ಬೀಜ ಕಾಯುವವರು ಯಾರು ಎಂದು ಗಿಡ್ಡಮ್ಮ ಆಗಲೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ನಿಮ್ಮ ಕಾಲಿಗೆ ಬಿದ್ದು ನಮಸ್ಕಾರ. ಮೊಣಕಾಲಿಗೆ ತಾಗದ ಹಾಗೆ, ಮೆತ್ತಗೆ.

ನಿಮ್ಮ
ಮೋನಿಕಾ

ಮರೆತದ್ದು: ಇಲ್ಲ, ಮರೆತದ್ದಲ್ಲ, ಬಿಟ್ಟದ್ದು. ರೇವತಿ ಅಕ್ಕ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಔಷಧಿ ಹೊಡೆಸಿದ್ದು ನಾನು. ನೀವು ಬರುವಷ್ಟರಲ್ಲಿ ಹುಲ್ಲನ್ನು ಪತ್ರಿಕೆಯ ಚಿತ್ರದ ಹಾಗೆ ಮಾಡಿ ನಿಮಗೆ ಖುಷಿ ಕೊಡಬೇಕೆಂದು. ನಲ್ಲಿಯ ಪಕ್ಕದ ಗರಿಕೆಯನ್ನು ಯಾರೋ ಕೀಳದೆ ಬಿಟ್ಟ ಕಳೆ ಅಂದುಕೊಂಡೆ. ಅದು ಗಣಪತಿಗೂ ಪೀಬೆರಿಯ ಹೊಟ್ಟೆಗೂ ಎಂದು ನೀವೇ ಬಿಟ್ಟಿದ್ದೆಂದು ಗಿಡ್ಡಮ್ಮ ಹೇಳಿದ್ದು ಆಮೇಲೆ. ಮೇಸ್ತ್ರಿ ಎರಡು ಸಲ ಬೇಡ ಎಂದರು. 'ಅಮ್ಮಾವ್ರು ಇಲ್ಲಿ ಕೈಯಲ್ಲೇ ಕೀಳ್ಸೋದು, ಔಷ್ದಿ ಬಿಡಲ್ಲ' ಎಂದರು. ಡಬ್ಬಿಯ ಮೇಲೆ ಒಣಗುವ ತನಕ ನಾಯಿ ಬಿಡಬೇಡಿ ಎಂದು ಇಂಗ್ಲಿಷಿನಲ್ಲಿತ್ತು. ನಾನು ಓದಿದೀನಿ, ಏನೂ ಆಗಲ್ಲ ಎಂದೆ. ಸಂಜೆಯವರೆಗೆ ಅವನನ್ನು ಕಟ್ಟಿಹಾಕಿದೆ. ಮುಟ್ಟಿ ನೋಡಿ ಒಣಗಿದೆ ಎಂದು ನಾನೇ ಸರಪಳಿ ಬಿಚ್ಚಿದೆ. 'ತುದಿ ಒಣಗುತ್ತೆ ಮೇಡಮ್ಮೋರೇ, ಈ ಮಂಜಲ್ಲಿ ಬುಡ ಎಲ್ಲಿ ಒಣಗುತ್ತೆ' ಎಂದರು ಮೇಸ್ತ್ರಿ. ಅಷ್ಟರಲ್ಲಿ ಅವನು ನೇರ ನಲ್ಲಿಯ ಪಕ್ಕ ಹೋಗಿ ಮೇಯುತ್ತಿದ್ದ. ತಪ್ಪನ್ನು ಅವರು ತಾವೇ ಎತ್ತಿಕೊಂಡರು. 'ನೀವು ಹೊಸ್ಬ್ರು. ನಂಗೆ ಬೈಸ್ಕೊಂಡು ಅಭ್ಯಾಸ ಆಗಿದೆ' ಎಂದರು, ನಾನು ಸುಮ್ಮನಿದ್ದೆ. ಲಿಖಿತ್‌ಗೆ ಈ ಕಾಗದ ಹೊರಟ ಕೂಡಲೇ ಹೇಳುತ್ತೇನೆ.

ಡಾಕ್ಟರ್ ಈಗಷ್ಟೇ ಮತ್ತೆ ನೋಡಿ ಹೋದರು. ಶನಿವಾರದ ಮಾತು ಬೇಡ ಎಂದರು. ನಿಮಗೆ ಆದರೆ ನಾಳೆಯೇ ಬನ್ನಿ, ರೇವತಿ ಅಕ್ಕನ ಕಾರಿನಲ್ಲೇ. ನಲ್ಲಿಯ ಪಕ್ಕದ ಮೂಲೆ ಪೂರ್ತಿ ಹಳದಿಯಾಗಿದೆ, ಗೇಟಿನಿಂದಲೇ ಕಾಣುತ್ತದೆ. ಅಗೆದು ಬೇರೆ ಹುಲ್ಲು ಹಾಸಿಬಿಡಲಾ ಎಂದು ಮೇಸ್ತ್ರಿ ಕೇಳಿದರು. ಬೇಡ, ಅತ್ತೆ ನೋಡಲಿ ಎಂದಿದ್ದೇನೆ.