ತೆಗೆದಿಟ್ಟ ಪೆಟ್ಟು

ಕೊರೋಚಿ, ಇಚಲಕರಂಜಿ ಹತ್ತಿರ
ತಾ. ೨೫ ಫೆಬ್ರವರಿ ೧೯೮೬, ಮಂಗಳವಾರ

ಮಗಾ ಜೋತಿಬಾ,

ಮೊದಲು ನಿನ್ನ ಕಾಲಿನ ಸುದ್ದಿ ಹೇಳು. ಹಡಗಿನ ಏಣಿಯಿಂದ ಬಿದ್ದು ಮುರಿದುಕೊಂಡ ಕಾಲು ಈಗ ಭಾರ ತಡೆಯುತ್ತದೆಯೇ? ಲಿವರ್‌ಪೂಲಿನ ಚಳಿಗೆ ನೋವು ಏಳುತ್ತದೆ ಎಂದು ಬರೆದಿದ್ದೆ. ಮಲಗುವಾಗ ಉಣ್ಣೆಯದೇನಾದರೂ ಸುತ್ತಿಕೋ. ಹುಟ್ಟಿದಾಗಿನಿಂದ ಕಂಬಳಿಯಲ್ಲಿ ಬೆಳೆದ ಕುರುಬರ ಮಗ ನೀನು, ಚಳಿಗೆ ಅಂಜಿದೆ ಎಂದು ಗೊತ್ತಾದರೆ ನಮ್ಮ ಮರ್ಯಾದೆ ಏನಾಗಬೇಕು? ಆಸ್ಪತ್ರೆಯಲ್ಲಿ ಆ ಕಾಲನ್ನು ನೋಡಿಕೊಂಡ ನರ್ಸೇ ಈಗ ನಿನ್ನ ಹೆಂಡತಿಯಾಗಿರುವಾಗ ನಾನು ಔಷಧದ ಮಾತು ಆಡುವುದು ಅಧಿಕಪ್ರಸಂಗ, ಗೊತ್ತು. ಅವಳಿಗೂ ನನ್ನ ಆಶೀರ್ವಾದ ಹೇಳು. ಪರ್ಲ್ ಎನ್ನುವ ಹೆಸರು ನನ್ನ ನಾಲಿಗೆಯ ಮೇಲೆ ಇನ್ನೂ ಸರಿಯಾಗಿ ಕೂತಿಲ್ಲ. ಸೈಕಲ್ ಮೇಲೆ ಹೋಗುವಾಗ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಎದುರಿಗೆ ಬಂದವರು ಮುದುಕ ಜಪಕ್ಕೆ ಹತ್ತಿದ್ದಾನೆ ಎಂದುಕೊಂಡು ದಾರಿ ಬಿಡುತ್ತಾರೆ. ನೀನು ಮರಾಠಿ ಶಾಲೆಯಲ್ಲಿ ಕಲಿತವನು, ನನ್ನ ಕನ್ನಡ ಅಕ್ಷರ ತೊಡಕೆನಿಸಿದರೆ ಗಟ್ಟಿಯಾಗಿ ಓದು. ಕಣ್ಣಿಗೆ ತಿಳಿಯದ್ದು ಕಿವಿಗೆ ತಿಳಿಯುತ್ತದೆ.

ನಾವು ಇಬ್ಬರೂ ನೆಟ್ಟಗಿದ್ದೇವೆ. ನನ್ನ ಮೊಣಕಾಲು ಮಾತ್ರ ಸ್ವಲ್ಪ ಹಿಡಿದಿದೆ, ಅದರ ಕಾರಣ ಮುಂದೆ ಬರೆಯುತ್ತೇನೆ, ನಗಬೇಡ. ನಿನ್ನ ಅವ್ವನ ಮೈ ಗಟ್ಟಿಯಾಗಿದೆ, ಬಾಯಿ ಅದಕ್ಕಿಂತ ಗಟ್ಟಿ. ನೀನು ಮದುವೆಯಾದ ಸುದ್ದಿಯ ಪತ್ರ ದೀಪಾವಳಿಯ ಮುಂಚೆ ಬಂತಲ್ಲ, ಅದನ್ನು ನಾನೇ ಅಂಗಳದಲ್ಲಿ ಕೂತು ಅವಳಿಗೆ ಓದಿ ಹೇಳಿದೆ. ಹುಡುಗಿಯ ತಾಯಿತಂದೆ ಜಮೈಕಾ ಎಂಬ ದ್ವೀಪದಿಂದ ಹೋಗಿ ಅಲ್ಲಿ ನೆಲೆಸಿದವರು ಎಂದು ಓದಿದೆ. ಮೈಬಣ್ಣ ನಮಗಿಂತ ಕಪ್ಪು ಎಂದು ಓದಿದೆ. ಪರ್ಲ್ ಎಂದರೆ ಮುತ್ತು ಎಂದು ನೀನು ಬರೆದದ್ದನ್ನೂ ಓದಿದೆ. "ಅವ್ವ ತಾನಾಗಿ ಕರೆದರೆ ಇಬ್ಬರೂ ಬರುತ್ತೇವೆ. ಇಲ್ಲದಿದ್ದರೆ ಮೇ ತಿಂಗಳಲ್ಲಿ ಮತ್ತೆ ಹಡಗು ಹತ್ತಿಬಿಡುತ್ತೇನೆ, ಇನ್ನು ಆ ಕಡೆ ಬರುವ ಮಾತಿಲ್ಲ" ಎಂದು ಕೊನೆಗೆ ಬರೆದಿದ್ದೆಯಲ್ಲ, ಅದನ್ನು ಮತ್ತೊಮ್ಮೆ ನಿಧಾನವಾಗಿ ಓದಿದೆ. ಅವಳು ಮೊರ ಎತ್ತಿಕೊಂಡು, "ಈ ಸಲದ ಜ್ವಾಳದಾಗ ಕಲ್ಲ ಭಾಳ ಅದಾವ" ಎಂದಳು. ಅಷ್ಟೇ. ಅಂದಿನಿಂದ ಇಂದಿನವರೆಗೆ ನಿನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ನಾನು ಹತ್ತು ಸಲ "ಬಾ" ಎಂದು ಬರೆಯಬಲ್ಲೆ, ಆದರೆ ನಿನಗೆ ಬೇಕಾದದ್ದು ನನ್ನ ಕರೆ ಅಲ್ಲ. ತಾಯಿ ಮಗ ಇಬ್ಬರದೂ ಒಂದೇ ಹಟ, ನಡುವೆ ನಾನು ಬೀಸುಕಲ್ಲಿಗೆ ಸಿಕ್ಕ ಕಾಳಿನ ಹಾಗೆ ಆಗಿದ್ದೇನೆ.

ಆದರೂ ಕೈ ಕಟ್ಟಿ ಕೂರುವ ಜಾತಿಯವನಲ್ಲ ನಾನು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹೊಸ ಸೊಸೆ ಹೊಸ್ತಿಲ ಮೇಲಿನ ಜೋಳದ ಸೇರನ್ನು ಕಾಲಿನಿಂದ ಉರುಳಿಸಿ ಒಳಗೆ ಬರುವಾಗ ಬಾಗಿಲಲ್ಲಿ ಡೊಳ್ಳು ಆಗಲೇಬೇಕು. ನಿನ್ನ ಅವ್ವ ಬಂದಾಗ ನನ್ನ ಅಪ್ಪ ಎಷ್ಟು ಜೋರು ಬಾರಿಸಿದ್ದನೆಂದರೆ ಹಟ್ಟಿಯ ಕುರಿಗಳೆಲ್ಲ ಬೆದರಿ ಓಡಿ, ಮದುಮಗನಾದ ನಾನೇ ಬಾಸಿಂಗ ಕಟ್ಟಿಕೊಂಡು ಅವನ್ನು ತರುಬಬೇಕಾಯಿತು. ನಿಮ್ಮದು ಕಚೇರಿಯಲ್ಲಿ ಸಹಿ ಹಾಕಿದ ಮದುವೆ. ಆ ಹುಡುಗಿಗೆ ಡೊಳ್ಳೂ ಇಲ್ಲ, ಸೇರೂ ಇಲ್ಲ. ಇದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅಷ್ಟರಲ್ಲಿ ಸಂಕ್ರಾಂತಿಗೆ ನಿನ್ನ ಜೊತೆ ಹಡಗಿನಲ್ಲಿದ್ದ ಗಡಹಿಂಗ್ಲಜದ ರಾಯಪ್ಪ ರಜೆಯ ಮೇಲೆ ಬಂದು ನಿನ್ನ ಕ್ಯಾಸೆಟ್ ಕೊಟ್ಟು ಹೋದ. ಪರ್ಲ್‌ಳ ತಮ್ಮ ಡ್ರಮ್ ಬಾರಿಸುವವನು, ಅವರ ಕಡೆಯ ರೆಗ್ಗೆ ಸಂಗೀತದ ತಾಳಗಳನ್ನು ನಿಧಾನವಾಗಿ ಬಾರಿಸಿ ತುಂಬಿಸಿದ್ದಾನೆ ಎಂದು ನೀನು ಚೀಟಿಯಲ್ಲಿ ಬರೆದಿದ್ದೆ. ಅವಳು ಚಿಕ್ಕಂದಿನಿಂದ ಭಾನುವಾರ ಬೆಳಿಗ್ಗೆ ಈ ಸದ್ದಿಗೇ ಏಳುತ್ತಿದ್ದಳಂತೆ. ಅದನ್ನು ಓದಿದ ಕೂಡಲೇ ನಿಶ್ಚಯ ಮಾಡಿದೆ. ಅವಳು ಬರುವ ದಿನ ನಮ್ಮ ಹೊಸ್ತಿಲಲ್ಲಿ ಡೊಳ್ಳು ನಮ್ಮದು, ತಾಳ ಅವಳ ತವರಿನದು. ಬರುವಳೋ ಇಲ್ಲವೋ ಎನ್ನುವುದು ಆಮೇಲಿನ ಮಾತು, ಕಲಿಯುವುದಕ್ಕೆ ಏನು ಅಡ್ಡಿ?

ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರದ ಜೈನರ ಮನೆಯ ಕುಂಥುನಾಥ ನಿನಗೆ ನೆನಪಿದ್ದಾನೆ, ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಾನಲ್ಲ, ಅವನೇ ನನ್ನ ಗುರು. ಅಂಗಡಿಯ ಹಿಂದೆ ನೂಲಿನ ಮೂಟೆಗಳ ನಡುವೆ ಅವನ ಡ್ರಮ್ ಸೆಟ್ ಇದೆ. ಮಗ್ಗದ ಶೆಡ್ಡಿನಲ್ಲಿ ನನ್ನ ಪಾಳಿ ಮುಗಿದ ಮೇಲೆ ಸೈಕಲ್ ಹೊಡೆದುಕೊಂಡು ಅಲ್ಲಿಗೆ ಹೋಗುತ್ತೇನೆ. ಮೊದಲ ದಿನ ಅವನ ಅಪ್ಪ ಕನ್ನಡಕ ಮೇಲೇರಿಸಿ, "ಏನೋ ಸಿದ್ದರಾಯ, ಈ ವಯಸ್ಸಿನ್ಯಾಗ ಆರ್ಕೆಸ್ಟ್ರಾ ಸೇರಾಕತ್ತೀಯೇನ?" ಎಂದರು. "ಹೌದ್ರಿ ಸಾವಕಾರ್ರ, ಹಾಡಾಕ ನೀವು ಬರ್ರಿ" ಎಂದೆ. ನಾಲ್ಕು ಎಣಿಕೆಯ ಮೇಲೆ ನಡೆಯುವ ಮೂರು ತಾಳ ಕ್ಯಾಸೆಟ್ಟಿನಲ್ಲಿವೆ. ಸ್ಟೆಪ್ಪರ್ಸ್ ಎನ್ನುವುದರಲ್ಲಿ ಕಾಲಿನಿಂದ ಒದ್ದು ನುಡಿಸುವ ದೊಡ್ಡ ಡ್ರಮ್ಮು ನಾಲ್ಕು ಎಣಿಕೆಗೂ ಬೀಳುತ್ತದೆ. ಅದು ಕುರಿಯ ಹಿಂದೆ ಹದವಾಗಿ ನಡೆದ ಹಾಗೆ, ನನಗೆ ಅದೇ ದಿನ ಬಂತು. ರಾಕರ್ಸ್ ಎನ್ನುವುದರಲ್ಲಿ ದೊಡ್ಡದು ಒಂದಕ್ಕೂ ಮೂರಕ್ಕೂ. ಎಡಗೈ ಕೋಲನ್ನು ಸಣ್ಣ ಡ್ರಮ್ಮಿನ ಮೇಲೆ ಅಡ್ಡ ಮಲಗಿಸಿ ಮೂರಕ್ಕೆ ಅಂಚಿಗೆ ಟಕ್ ಎನಿಸಬೇಕು, ಬಲಗೈ ಕಂಚಿನ ಜೋಡುತಟ್ಟೆಯ ಮೇಲೆ ಚಿಸ್ ಚಿಸ್ ಎಂದು ಆಡುತ್ತಲೇ ಇರಬೇಕು. ಕೈಗೊಂದು ಮಾತು ಕಾಲಿಗೊಂದು ಮಾತು ಹೇಳಿಕೊಡುವಷ್ಟರಲ್ಲಿ ಬೆವರು ಇಳಿಯಿತು. ಆದರೂ ಅದನ್ನೂ ಒಲಿಸಿಕೊಂಡೆ.

ನನ್ನನ್ನು ಸೋಲಿಸಿದ್ದು ಮೂರನೆಯದು, ವನ್ ಡ್ರಾಪ್. ಅದರಲ್ಲಿ ಒಂದು ಎಂದು ಎಣಿಸಿದಾಗ ದೊಡ್ಡ ಡ್ರಮ್ಮು ಸುಮ್ಮನಿರುತ್ತದೆ. ತಟ್ಟೆ ಮಾತ್ರ ಆಡುತ್ತಿರುತ್ತದೆ. ಮೂರಕ್ಕೆ ಬಂದಾಗ ದೊಡ್ಡ ಡ್ರಮ್ಮೂ ಅಂಚಿನ ಟಕ್ಕೂ ಕೂಡಿಯೇ ಬೀಳುತ್ತವೆ. ಕೇಳುವುದಕ್ಕೆ ಎಷ್ಟು ಹಿತವಾಗಿದೆ ಗೊತ್ತೇ, ಯಾರೋ ದಣಿದು ಬಂದವರು ಕಟ್ಟೆಯ ಮೇಲೆ ಉಸ್ಸೆಂದು ಕೂತ ಹಾಗೆ. ಆದರೆ ಹುಟ್ಟಾ ಡೊಳ್ಳು ಹೊತ್ತವನ ಕಷ್ಟ ನಿನಗೆ ಗೊತ್ತು. ನಮ್ಮದರಲ್ಲಿ ಮೊದಲ ಪೆಟ್ಟೇ ಯಜಮಾನ. ಅದಕ್ಕೆ ಕೈ ಬೀಳಬೇಕು, ಕೈ ಬಿದ್ದಾಗ ಹೆಜ್ಜೆಯೂ ನೆಲಕ್ಕೆ ಬೀಳಬೇಕು. ಒಂದು ಎಂದ ಕೂಡಲೇ ನನ್ನ ಬಲಗಾಲು ತಾನೇ ಹೋಗಿ ಧಡ್ ಎಂದು ಒದೆಯುತ್ತಿತ್ತು. "ಕಾಕಾ, ಒಂದಕ್ಕ ಒದೀಬ್ಯಾಡ್ರಿ, ನಿಮ್ಮ ಕಾಲಿಗೆ ತಡಿ ಅಂತ ಹೇಳ್ರಿ" ಎಂದು ಕುಂಥುನಾಥ ಹಣೆ ಹಣೆ ಬಡಿದುಕೊಂಡ. "ತಮ್ಮಾ, ಈ ಕಾಲ ನನ್ನ ಮಾತ ಕೇಳೂದಿಲ್ಲ, ಡೊಳ್ಳಿನ ಮಾತ ಕೇಳತೈತಿ" ಎಂದೆ. ಕಾಲನ್ನು ಬಿಗಿಹಿಡಿದು ತಡೆದು ತಡೆದೇ ಮೊಣಕಾಲು ಹಿಡಿದದ್ದು. ಕ್ಯಾಸೆಟ್ಟಿನಲ್ಲಿ ನಿನ್ನ ಭಾಮೈದ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾನೆ. ಮೊದಲನೆಯದನ್ನು ಮನಸ್ಸಿನಲ್ಲಿ ಕೇಳಿಸಿಕೋ, ಬಾರಿಸಬೇಡ ಎಂದು ಅದರ ಅರ್ಥವಂತೆ, ಕುಂಥುನಾಥ ಹೇಳಿದ. ಹೇಳುವುದು ಸುಲಭ.

ಮೊನ್ನೆ ಭಾನುವಾರ ನಿನ್ನ ಸೋದರಮಾವ ಕಾಡಪ್ಪ ಗಡಹಿಂಗ್ಲಜದಿಂದ ತನ್ನ ಮೇಳದವರನ್ನು ಕರೆದುಕೊಂಡು ಎಸ್‌ಟಿ ಬಸ್ಸಿನಲ್ಲಿ ಬಂದ. ನಾನೇ ಹೇಳಿಕಳಿಸಿದ್ದೆ. ಡೊಳ್ಳುಗಳಿಗೆ ಬೇರೆ ಸೀಟು ಬೇಕೆಂದು ಕಂಡಕ್ಟರನ ಜೊತೆ ದಾರಿಯುದ್ದಕ್ಕೂ ಜಗಳವಂತೆ. ಅಂಗಳದಲ್ಲಿ ನಿಲ್ಲಿಸಿ ತಾಳ ಹೇಳಿಕೊಟ್ಟೆ: ಕಂಚಿನ ತಾಳ ಆಡುತ್ತಲೇ ಇರಲಿ, ಒಂದಕ್ಕೆ ಯಾರೂ ಕೋಲೆತ್ತಬಾರದು, ಮೂರಕ್ಕೆ ಎಲ್ಲರೂ ಕೂಡಿ. ಏನು ಹೇಳಲಿ ಮಗಾ, ಒಂದು ಎಂದರೆ ಸಾಕು, ಅಷ್ಟೂ ಡೊಳ್ಳು ಒಟ್ಟಿಗೇ ಧಡಲ್ ಎನ್ನುತ್ತಿದ್ದವು. ಬಿಡಿ ಎಂದಷ್ಟೂ ಜೋರಾಗಿ ಬಾರಿಸುತ್ತಿದ್ದರು. ಕಾಡಪ್ಪನಿಗೆ ರೇಗಿಹೋಯಿತು. "ಮಾವ, ಮೊದಲಿನ ಪೆಟ್ಟ ಬಿಟ್ಟ ಬಾರಸೂದಂದ್ರ ತಲಿ ಇಲ್ಲದ ಕುರಿ ಹೊಡಕೊಂಡ ಹೋದಂಗ. ನಮ್ಮಿಂದ ಆಗೂದಿಲ್ಲ" ಎಂದು ಡೊಳ್ಳು ಇಳಿಸಿಬಿಟ್ಟ. ನನಗೂ ಸಾಕಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುತ್ತಿದ್ದೇನೆ ಎಂದು ನನಗೇ ನಾಚಿಕೆಯಾಯಿತು.

ನಿನ್ನ ಅವ್ವ ಅಂಗಳದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಯಾಕೆ ಈ ಗದ್ದಲ, ಯಾವ ತಾಳ ಇದು ಎಂದು ಒಂದು ಮಾತೂ ಕೇಳಿರಲಿಲ್ಲ, ಆದರೆ ಅವಳಿಗೆ ಎಲ್ಲ ಗೊತ್ತಿತ್ತು. ಕೈಗೆ ಹತ್ತಿದ ಹಿಟ್ಟು ಹಾಗೇ ಇಟ್ಟುಕೊಂಡು ಎದ್ದು ಬಂದು, "ಎಷ್ಟ ಸಲ ಬಡೀತೀರಿ ಅದನ್ನ? ಆ ಪೆಟ್ಟು ನಿಮ್ಮದಲ್ಲ. ಮನ್ಯಾಗ ಇಲ್ಲದವರ ಪಾಲು ಅಂತ ತೆಗದಿಟ್ಟ ಮುಂದ ಹೋಗ್ರಿ. ನಾ ದಿನಾ ಮೊದಲಿನ ರೊಟ್ಟಿ ತೆಗದಿಡೂದಿಲ್ಲೇನ?" ಎಂದಳು.

ಈ ರೊಟ್ಟಿಯ ಮಾತು ನಿನಗೆ ನೆನಪಿರಬೇಕು. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ಕುರಿಯ ಹಿಂದೆ ಹೋದವನದು. ಅವನು ಅಂದೇ ಬರಲಿ, ಎರಡು ತಿಂಗಳು ಬಿಟ್ಟು ಬರಲಿ, ಅದನ್ನು ಬುಟ್ಟಿಯಲ್ಲಿ ಬೇರೆ ಇಟ್ಟು ಆಮೇಲೆ ಉಳಿದವರಿಗೆ ಬಡಿಸುವುದು ಅವಳ ತವರಿನಿಂದ ಬಂದ ರೂಢಿ. ನಮ್ಮ ಕುರಿಗಳನ್ನು ಮಾರಿ ಮಗ್ಗದ ಕೆಲಸಕ್ಕೆ ಬಂದ ಮೇಲೆ ಅದು ನಿಂತುಹೋಯಿತು ಎಂದೇ ನಾನು ತಿಳಿದಿದ್ದೆ. ಕಾಡಪ್ಪನೂ ಹಾಗೇ ತಿಳಿದು, "ಇನ್ನೂ ಯಾರಿಗ ತೆಗದಿಡ್ತಿ ಅಕ್ಕಾ? ಕುರಿ ಮಾರಿ ಎಷ್ಟೋ ವರ್ಷಾತಲ್ಲ" ಎಂದು ನಕ್ಕ. ಅವಳು ನಗಲಿಲ್ಲ. "ಕುರಿ ಮಾರೇವಿ, ಮಗನ್ನ ಮಾರಿಲ್ಲ" ಎಂದವಳೇ ಒಲೆಯ ಮುಂದೆ ಹೋಗಿ ಕೂತಳು.

ಜೋತಿಬಾ, ನನಗೆ ಆಗ ಗೊತ್ತಾಯಿತು, ನಾನು ದಿನಾ ಬೆಳಿಗ್ಗೆ ಮೊಸರು ಹಚ್ಚಿಕೊಂಡು ತಿನ್ನುವ ತಂಗಳ ರೊಟ್ಟಿ ಉಳಿದದ್ದಲ್ಲ, ನಿನ್ನದು. ನೀನು ಹಡಗು ಹತ್ತಿದಾಗಿನಿಂದ, ದೀಪಾವಳಿಯ ಪತ್ರ ಬಂದ ಮೇಲೂ, ಅವಳು ಒಂದು ದಿನವೂ ತಪ್ಪಿಸಿಲ್ಲ. ಕಣ್ಣಿಗೆ ನೀರು ಬಂತು. ಒಲೆಯ ಹೊಗೆ ಎಂದು ಅಂಗಿಯ ತೋಳಿನಿಂದ ಒರೆಸಿಕೊಂಡೆ. ಕಾಡಪ್ಪ ಡೊಳ್ಳನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ತಾಳ ಶುರುವಾಯಿತು. ಒಂದು ಬಂತು, ಯಾರ ಕೋಲೂ ಏಳಲಿಲ್ಲ. ಎಲ್ಲರೂ ಅವಳ ಬುಟ್ಟಿಯ ಕಡೆ ನೋಡುತ್ತಿದ್ದರು. ಮೂರಕ್ಕೆ ಅಷ್ಟೂ ಡೊಳ್ಳು ಒಂದಾಗಿ ಬಿದ್ದವು. ನನ್ನ ಕಾಲೂ ಸುಮ್ಮನೆ ಕಾದಿತ್ತು, ಮೂರಕ್ಕೇ ನೆಲ ಮುಟ್ಟಿತು. ಮಧ್ಯಾಹ್ನದ ಊಟದ ಹೊತ್ತಿನ ತನಕ ನಿಲ್ಲಿಸದೆ ಬಾರಿಸಿದೆವು. ಬೀದಿಯ ಜನ ಯಾರ ಮದುವೆ ಎಂದು ಬಂದು ಕೇಳಿದರು. ಆ ಖಾಲಿ ಜಾಗ ಯಾಕಿದೆ ಎಂದು ನನಗೆ ತೋಚಿದ್ದು ಆಗಲೇ: ಅಲ್ಲಿ ಸೊಸೆಯ ಕಾಲು ಬೀಳಬೇಕು, ಸೇರು ಉರುಳಬೇಕು, ಆಮೇಲೆ ನಮ್ಮ ಡೊಳ್ಳು. ಹಾಗೇ ಮಾಡುವುದೆಂದು ಕಾಡಪ್ಪನಿಗೂ ಹೇಳಿಟ್ಟಿದ್ದೇನೆ.

ಆದರೆ ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಇಷ್ಟಾದರೂ ಅವಳು "ಅವರನ್ನ ಕರೀರಿ" ಎಂದು ಹೇಳಿಲ್ಲ. ಈ ಪತ್ರ ಬರೆಯಲು ಕೂತಾಗ, "ಏನರ ಬರೀಲೇನ ನಿನ್ನ ಪರವಾಗಿ?" ಎಂದು ಕೇಳಿದೆ. "ಕಾಲ ಹೆಂಗೈತಿ ಕೇಳ್ರಿ" ಎಂದಳು. ಮೊದಲು ಕಾಲಿನ ಸುದ್ದಿ ಕೇಳಿದ್ದು ಅದಕ್ಕೇ. ಮಗನನ್ನು ಮಾರಿಲ್ಲ ಎಂದವಳು ಸೊಸೆಯ ವಿಷಯ ಏನೂ ಅಂದಿಲ್ಲ. ನೀನು ಹಾಕಿದ ಶರತ್ತು ಇಬ್ಬರದು, ಆದ್ದರಿಂದ ನಾನು ನಿನ್ನನ್ನು ಒತ್ತಾಯ ಮಾಡುವುದಿಲ್ಲ. ಅಪ್ಪ ಮೂರೂ ತಾಳ ಕಲಿತ ಎಂದು ನೀನು ಹಡಗು ಹತ್ತುವ ಮುಂಚೆ ಆ ಹುಡುಗಿಗೆ ಮತ್ತು ಅವಳ ತಮ್ಮನಿಗೆ ತಪ್ಪದೆ ಹೇಳು. ನಿಮ್ಮಿಬ್ಬರ ಸಂಸಾರ ತಣ್ಣಗಿರಲಿ, ನಮ್ಮ ದೇವರು ಹಾಲಸಿದ್ದ ನಿಮ್ಮ ಬೆನ್ನ ಹಿಂದಿರಲಿ.

ಇಂತಿ ನಿನ್ನ ಅಪ್ಪ,
ಸಿದ್ದರಾಯ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲಿಗೆ ಹಾಕಲು ಕುಂಥುನಾಥ ಬಾಗಿಲಲ್ಲಿ ಸ್ಕೂಟರ್ ಚಾಲೂ ಇಟ್ಟುಕೊಂಡೇ ನಿಂತಿದ್ದಾನೆ. ಲಕೋಟೆ ಅಂಟಿಸಲು ನಾಲ್ಕು ಅಗುಳು ಅನ್ನ ತರೋಣವೆಂದು ಈಗ ಒಳಗೆ ಹೋಗಿದ್ದೆ. ಬುಟ್ಟಿಯಲ್ಲಿ ಬೇರೆ ತೆಗೆದಿಟ್ಟ ರೊಟ್ಟಿ ಇವತ್ತು ಎರಡು. "ಎರಡ್ಯಾಕ?" ಎಂದೆ. ನನ್ನ ಕಡೆ ತಿರುಗದೆ, "ಅಂವಾ ಉಣ್ಣಾಕ ಕುಂತ್ರ ಮುತ್ತವ್ವ ಬಾಯಿ ನೋಡಕೋತ ಕುಂದರಬೇಕೇನ?" ಎಂದಳು. ಪರ್ಲ್‌ಳನ್ನು ಮುತ್ತವ್ವ ಎಂದು ನಾನು ಯಾವತ್ತೂ ಕರೆದಿಲ್ಲ ಮಗಾ, ಆ ಹೆಸರು ಅವಳೇ ಇಟ್ಟದ್ದು. ಇಬ್ಬರೂ ಬೇಗ ಬನ್ನಿ. ದಿನಾ ಬೆಳಿಗ್ಗೆ ಎರಡೆರಡು ತಂಗಳ ರೊಟ್ಟಿ ತಿನ್ನುವಷ್ಟು ಹಲ್ಲು ನನಗೆ ಉಳಿದಿಲ್ಲ.